ಕೊರಿಯಾದ ಮಾರುವೇಷದ ಪೊಲೀಸ್ ಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯನ್ ಧಾರಾವಾಹಿ ಎಂದರೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಪ್ರೇಮಿಗಳು ಎಂದುಕೊಂಡಿದ್ದ ಗೆಳೆಯರಿಗೆ ನಾನು ಕೆಲವು ವರ್ಷಗಳಿಂದ ಬೇರೊಂದು ಬಗೆಯ ಕಥೆಗಳ ಹುಚ್ಚು ಹಿಡಿಸುತ್ತಿದ್ದೇನೆ. ಹೆಸರು ಬದಲಿಸಿಕೊಂಡು ಗ್ಯಾಂಗಿನೊಳಗೆ ಸೇರಿಕೊಳ್ಳುವ ಪೊಲೀಸರ ಕಥೆಗಳು ಅವು. ನೋಡಿದವರೂ ನೋಡಲು ಹೊರಟವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ‘ನ್ಯೂ ವರ್ಲ್ಡ್’ ಚಿತ್ರದ ಕಥೆಯನ್ನು ಮಾತ್ರ ಕೊನೆಯವರೆಗೂ ಬಿಡಿಸಿ ಹೇಳಿದ್ದೇನೆ. ಅದನ್ನು ಇನ್ನೂ ನೋಡಿಲ್ಲದವರು ಮೊದಲು ನೋಡಿ ಬರುವುದು ಒಳ್ಳೆಯದು.

ಈ ಕಥೆಗಳಲ್ಲಿ ಅಂಥದ್ದೇನಿದೆ? ಪೊಲೀಸ್, ಕಳ್ಳ ಎಲ್ಲ ದೇಶದಲ್ಲೂ ಇದ್ದಾರಲ್ಲ?

ಸಿಕ್ಕಿಬೀಳುವ ಭಯ ಎಲ್ಲ ದೇಶದ ಗೂಢಚಾರ ಕಥೆಗಳಲ್ಲೂ ಇದೆ. ಕೊರಿಯಾದವರು ಅದರ ಜೊತೆಗೆ ಇನ್ನೊಂದು ಭಯವನ್ನು ಇಡುತ್ತಾರೆ. ಯಾರನ್ನು ಹಿಡಿದುಕೊಡಬೇಕೋ ಅವನೇ ನಿನ್ನನ್ನು ಮನಸಾರೆ ಪ್ರೀತಿಸಿಬಿಟ್ಟರೆ? ಕಾಯಿಲೆ ಬಿದ್ದಾಗ ಅವನೇ ಬಂದು ಪಕ್ಕದಲ್ಲಿ ಕುಳಿತರೆ? ಕಳುಹಿಸಿದ ಇಲಾಖೆಗೆ ನೀನೊಂದು ಕಡತ, ಮೋಸ ಹೋಗಲಿರುವವನಿಗೆ ನೀನು ಒಡಹುಟ್ಟಿದವನ ಹಾಗೆ. ಈ ತಕ್ಕಡಿಯಲ್ಲಿ ಮನುಷ್ಯನನ್ನು ಕೂರಿಸಿ ಹತ್ತು ಹನ್ನೆರಡು ಗಂಟೆ ಕಾಲ ಅದು ತೂಗುವುದನ್ನೇ ತೋರಿಸುವ ತಾಳ್ಮೆ ಅವರಿಗಿದೆ.

ನಮಗೆ ಇದು ತೀರ ಹೊಸದೇನಲ್ಲ. ವಿರಾಟಪರ್ವ ಕೇಳಿ ಬೆಳೆದವರಿಗೆ ಅಜ್ಞಾತವಾಸದ ರುಚಿ ಗೊತ್ತು. ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ವನವಾಸ. ಕೀಚಕ ತುಂಬಿದ ಸಭೆಯಲ್ಲಿ ಸೈರಂಧ್ರಿಯನ್ನು ಒದೆಯುವಾಗ ಅಡುಗೆಮನೆಯ ವಲಲ ಹಲ್ಲು ಕಚ್ಚಿಕೊಂಡು ನಿಲ್ಲಬೇಕು. ಆ ಹಲ್ಲು ಕಚ್ಚುವ ಕ್ಷಣವೇ ಈ ಕೊರಿಯನ್ ಕಥೆಗಳ ಜೀವಾಳ. ವ್ಯತ್ಯಾಸವೆಂದರೆ ಪಾಂಡವರಿಗೆ ವರ್ಷ ತುಂಬಿದ ಮೇಲೆ ತಮ್ಮ ಹೆಸರು ಮರಳಿ ಸಿಕ್ಕಿತು, ಮನೆತನಗಳ ನಡುವೆ ಮದುವೆಯೂ ಆಯಿತು. ಕೊರಿಯಾದ ಮಾರುವೇಷಿಗೆ ಮರಳಿ ಬರುವ ಹೊತ್ತಿಗೆ ಹಳೆಯ ಹೆಸರು ಅಳತೆ ತಪ್ಪಿದ ಅಂಗಿಯಾಗಿರುತ್ತದೆ.

ಮಫ್ತಿ ಪೊಲೀಸರೂ ಇವರೂ ಒಂದೇ ಅಲ್ಲವೇ?

ಅಲ್ಲ. ಮಫ್ತಿಯಲ್ಲಿ ಇರುವವರು ಸಮವಸ್ತ್ರ ಹಾಕಿರುವುದಿಲ್ಲ, ಅಷ್ಟೇ. ಸಂಜೆ ತಮ್ಮ ಮನೆಗೆ, ತಮ್ಮ ಹೆಸರಿಗೆ ಮರಳುತ್ತಾರೆ. ಕೊರಿಯನ್ನರು ‘ಜಾಮಿಪ್ ಸುಸಾ’ ಎನ್ನುವುದು ಒಳನುಸುಳಿ ನಡೆಸುವ ತನಿಖೆಯನ್ನು. ಅಲ್ಲಿ ಹೋಗುವವರು ಬೇರೆ ಹೆಸರು, ಬೇರೆ ಊರು, ಬೇರೆ ಹಿನ್ನೆಲೆ ಹೊತ್ತು ಶತ್ರುವಿನ ಮನೆಯಲ್ಲೇ ಬದುಕುತ್ತಾರೆ.

‘ನ್ಯೂ ವರ್ಲ್ಡ್’ ಹಾಂಗ್‌ಕಾಂಗ್ ಚಿತ್ರದ ನಕಲು ಎನ್ನುತ್ತಾರೆ. ನಿಜವೇ?

2002ರ ಹಾಂಗ್‌ಕಾಂಗ್ ಚಿತ್ರ ‘ಇನ್ಫರ್ನಲ್ ಅಫೇರ್ಸ್’ ಈ ಬಗೆಯ ಕಥೆಗಳಿಗೆಲ್ಲ ದಾರಿ ತೋರಿಸಿತು ಎನ್ನುವುದರಲ್ಲಿ ಅನುಮಾನವಿಲ್ಲ. 2013ರಲ್ಲಿ ಪಾರ್ಕ್ ಹೂನ್-ಜಂಗ್ ನಿರ್ದೇಶಿಸಿದ ‘ನ್ಯೂ ವರ್ಲ್ಡ್’ ಆ ದಾರಿಯಲ್ಲೇ ಹೊರಟು ಬೇರೆ ಊರನ್ನು ಮುಟ್ಟುತ್ತದೆ. ನಕಲು ಎಂದು ತಳ್ಳಿಹಾಕುವವರು ಅದರ ನಡುವಿನ ಒಂದು ಗಂಟೆಯನ್ನು ಗಮನವಿಟ್ಟು ನೋಡಿಲ್ಲ ಎಂದೇ ನನ್ನ ನಂಬಿಕೆ.

ಲೀ ಜಂಗ್-ಜೇ ಇಲ್ಲಿ ಲೀ ಜಾ-ಸಂಗ್. ಎಂಟು ವರ್ಷಗಳಿಂದ ‘ಗೋಲ್ಡ್‌ಮೂನ್’ ಎಂಬ ಗ್ಯಾಂಗಿನೊಳಗಿರುವ ಪೊಲೀಸ್. ಗ್ಯಾಂಗ್ ಈಗ ಕಂಪನಿಯಾಗಿದೆ, ಗೂಂಡಾಗಳೆಲ್ಲ ಕೋಟು ತೊಟ್ಟು ನಿರ್ದೇಶಕರ ಮಂಡಳಿಯ ಸಭೆ ನಡೆಸುತ್ತಾರೆ. ಜಾ-ಸಂಗ್‌ನ ಮೇಲಧಿಕಾರಿ ಕಾಂಗ್, ಅಂದರೆ ಚೋಯ್ ಮಿನ್-ಸಿಕ್, ಅವನನ್ನು ಭೇಟಿಯಾಗುವುದು ಪಾಳುಬಿದ್ದ ಒಳಾಂಗಣ ಮೀನುಗಾಳದ ಕೊಳವೊಂದರ ಬಳಿ. ವರದಿ ಕೊಡುವುದು ‘ಬಾದುಕ್’ ಆಟದ ಪಾಠದ ನೆಪದಲ್ಲಿ. ಕಪ್ಪು ಬಿಳಿ ಕಾಯಿಗಳಿಂದ ಎದುರಾಳಿಯನ್ನು ಸುತ್ತುವರಿಯುವ ಆಟ ಅದು. ಪಾಠ ಹೇಳುವ ಹುಡುಗಿಯೂ ಪೊಲೀಸ್.

ಇನ್ನೊಂದು ಕಡೆ ಗ್ಯಾಂಗಿನ ಜಂಗ್ ಚಂಗ್. ಹ್ವಾಂಗ್ ಜಂಗ್-ಮಿನ್ ಮಾಡಿದ ಪಾತ್ರ. ವಿಮಾನ ಇಳಿದು ಚಪ್ಪಲಿ ಎಳೆಯುತ್ತ, ದಕ್ಷಿಣ ಕರಾವಳಿಯ ಯೊಸು ಕಡೆಯ ಧಾಟಿಯಲ್ಲಿ ಬೈಗುಳ ಉದುರಿಸುತ್ತ ಬರುವ ಒರಟ. ಜಾ-ಸಂಗ್‌ನನ್ನು ‘ಬ್ರದರ್’ ಎಂದೇ ಕರೆಯುತ್ತಾನೆ. ಇಬ್ಬರೂ ಕೊರಿಯಾದಲ್ಲೇ ಬೆಳೆದ ಚೀನೀ ಮೂಲದವರು, ಹಾಗಾಗಿ ಎರಡು ಕಡೆಯಿಂದಲೂ ಹೊರಗಿನವರು. ಚೀನಾದಿಂದ ಬಂದವನು ತಮ್ಮನಿಗೆ ಉಡುಗೊರೆಯಾಗಿ ಕೈಗಡಿಯಾರ ತರುತ್ತಾನೆ, ಅದು ನಕಲಿ ಮಾಲು. ಜಾ-ಸಂಗ್ ಗೊಣಗುತ್ತಾನೆ. ಮೊದಲ ಸಲ ನೋಡಿದಾಗ ನಗು ಬರಿಸಲು ಹಾಕಿದ ತುಣುಕು ಎಂದುಕೊಂಡೆ. ಎರಡನೆಯ ಸಲ ನೋಡಿದಾಗ ಮೈ ಜುಮ್ಮೆಂದಿತು. ನಕಲಿ ಗಡಿಯಾರ ಕೊಡುವವನ ಪ್ರೀತಿ ಅಸಲಿ, ಅದನ್ನು ಪಡೆಯುತ್ತಿರುವ ತಮ್ಮನೇ ನಕಲಿ.

ಮುಂದೆ ಪೊಲೀಸರ ಗುಪ್ತ ಕಡತಗಳು ಜಂಗ್ ಚಂಗ್‌ನ ಕೈಸೇರುತ್ತವೆ. ಗೋದಾಮಿಗೆ ಜಾ-ಸಂಗ್‌ನನ್ನು ಕರೆಸುತ್ತಾನೆ. ಇಂದಿಗೆ ನನ್ನ ಕಥೆ ಮುಗಿಯಿತು ಎಂದು ಜಾ-ಸಂಗ್‌ನ ಮುಖ ಬೂದಿಯಾಗುತ್ತದೆ. ಜಂಗ್ ಚಂಗ್‌ನ ಕೈ ಏಳುವುದು ಪಕ್ಕದಲ್ಲಿದ್ದ ಇನ್ನೊಬ್ಬನ ಮೇಲೆ, ಅವನೂ ಪೊಲೀಸನೇ. ಜಾ-ಸಂಗ್‌ನ ಹೆಸರನ್ನು ಜಂಗ್ ಚಂಗ್ ಬಾಯಿಬಿಟ್ಟು ಹೇಳುವುದೇ ಇಲ್ಲ. ಗೊತ್ತಿದ್ದೂ ಉಳಿಸುತ್ತಾನೆ. ಆಸ್ಪತ್ರೆಯಲ್ಲಿ ಸಾಯುವಾಗಲೂ ತಮ್ಮ ಬದುಕಬೇಕು ಎಂಬುದೊಂದೇ ಅವನ ಚಿಂತೆ. ಅತ್ತ ಕಾನೂನಿನ ಕಡೆಯವನಾದ ಕಾಂಗ್, ಬಿಟ್ಟುಬಿಡಿ ಎಂದು ಬೇಡಿದ ತನ್ನದೇ ಹುಡುಗನಿಗೆ ಇನ್ನೂ ಒಂದು ಕೆಲಸ, ಇನ್ನೂ ಒಂದು ಕೆಲಸ ಎನ್ನುತ್ತಲೇ ಇರುತ್ತಾನೆ. ಹಾಂಗ್‌ಕಾಂಗ್ ಚಿತ್ರದ ಒಳಗುದಿ ನಾನು ಯಾರು ಎಂಬ ಪ್ರಶ್ನೆಯದ್ದು. ಇಲ್ಲಿ ನಾನು ಯಾರಿಗೆ ಸೇರಿದವನು ಎಂಬುದು ಪ್ರಶ್ನೆ.

ಎಲ್ಲಿಂದ ಆರಂಭಿಸಲಿ?

ಧಾರಾವಾಹಿಯೇ ಬೇಕೆಂದರೆ 2021ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಮೈ ನೇಮ್’. ಎಂಟೇ ಕಂತು, ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ಅದು ಹಿಡಿಸಿದರೆ 2023ರ ‘ದಿ ವರ್ಸ್ಟ್ ಆಫ್ ಈವಿಲ್’, ಡಿಸ್ನಿಯವರು ತಂದ ಹನ್ನೆರಡು ಕಂತಿನ ಕಥೆ. ಆಮೇಲೆ ‘ನ್ಯೂ ವರ್ಲ್ಡ್’. ಹಳೆಯದನ್ನು ಹುಡುಕಿ ನೋಡುವ ತಾಳ್ಮೆ ಇದ್ದವರಿಗೆ 2007ರ ‘ಟೈಮ್ ಬಿಟ್ವೀನ್ ಡಾಗ್ ಅಂಡ್ ವುಲ್ಫ್’, 2013ರ ‘ಕ್ರೂಯೆಲ್ ಸಿಟಿ’. ಎರಡರಲ್ಲೂ ಜಂಗ್ ಕ್ಯೊಂಗ್-ಹೋ ಇದ್ದಾರೆ. ಮೊದಲನೆಯದರಲ್ಲಿ ನಾಯಕನ ಜೊತೆಗಾರ, ಎರಡನೆಯದರಲ್ಲಿ ತಾವೇ ನಾಯಕ.

‘ಮೈ ನೇಮ್’ ಅಷ್ಟು ಮೆಚ್ಚುಗೆ ಪಡೆದದ್ದೇಕೆ?

ಅಲ್ಲಿ ಎಲ್ಲವೂ ತಿರುಗುಮುರುಗು. ಪೊಲೀಸರು ಗ್ಯಾಂಗಿಗೆ ಜನ ಕಳುಹಿಸುವ ಬದಲು ಗ್ಯಾಂಗೇ ಒಬ್ಬ ಹುಡುಗಿಯನ್ನು ಪೊಲೀಸ್ ಇಲಾಖೆಗೆ ಕಳುಹಿಸುತ್ತದೆ.

ಮೊದಲ ಕಂತಿನ ಒಂದು ದೃಶ್ಯ ನನ್ನ ಕಣ್ಣಿನಿಂದ ಹೋಗಿಲ್ಲ. ಮಗಳ ಹುಟ್ಟುಹಬ್ಬದ ದಿನ, ತಲೆಮರೆಸಿಕೊಂಡಿದ್ದ ಅಪ್ಪ ಮನೆ ಬಾಗಿಲಿಗೆ ಬಂದಿದ್ದಾನೆ. ಹಿಂದೆಯೇ ಕೊಲೆಗಾರ. ಅಪ್ಪ ಹೊರಗಿನಿಂದ ಬಾಗಿಲನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತಾನೆ, ಮಗಳು ಒಳಗಿನಿಂದ ತೆರೆಯಲು ಒದ್ದಾಡುತ್ತಾಳೆ. ಬಾಗಿಲಿನ ಸಣ್ಣ ಗಾಜಿನ ಕಿಂಡಿಯಿಂದ ಅವಳಿಗೆ ಎಲ್ಲವೂ ಕಾಣಿಸುತ್ತದೆ, ಕೈಗೆ ಏನೂ ಎಟುಕುವುದಿಲ್ಲ. ಆ ಹುಡುಗಿ ಯೂನ್ ಜಿ-ವೂ. ಅಪ್ಪನ ಗೆಳೆಯನೂ ಗ್ಯಾಂಗಿನ ಒಡೆಯನೂ ಆದ ಚೋಯ್ ಮು-ಜಿನ್ ಅವಳನ್ನು ಸಾಕಿ, ತರಬೇತಿ ಕೊಟ್ಟು, ನಿನ್ನ ಅಪ್ಪನನ್ನು ಕೊಂದದ್ದು ಪೊಲೀಸನ ಬಂದೂಕು ಎಂದು ನಂಬಿಸಿ, ಓ ಹ್ಯೆ-ಜಿನ್ ಎಂಬ ಹೊಸ ಹೆಸರು ಕೊಟ್ಟು ಇಲಾಖೆಯೊಳಗೆ ಬಿಡುತ್ತಾನೆ.

ಜಿ-ವೂ ಪಾತ್ರದ ಹಾನ್ ಸೊ-ಹೀ ಅಲ್ಲಿಯವರೆಗೆ ಹೆಚ್ಚಾಗಿ ಕೌಟುಂಬಿಕ, ಪ್ರೇಮಕಥೆಗಳ ಮುಖ. ಇಲ್ಲಿ ಅವರು ಹೊಡೆಯುವುದಕ್ಕಿಂತ ಹೊಡೆತ ತಿನ್ನುವುದನ್ನು ನೋಡಬೇಕು. ಒಂದೊಂದು ಹೊಡೆದಾಟದ ನಂತರವೂ ಏದುಸಿರು ನಿಲ್ಲುವುದಿಲ್ಲ, ಕೈ ನಡುಗುತ್ತದೆ, ಗೆದ್ದರೂ ಗೆದ್ದ ಮುಖವಲ್ಲ. ಮು-ಜಿನ್ ಆಗಿ ಪಾರ್ಕ್ ಹೀ-ಸೂನ್ ಇನ್ನೂ ಒಂದು ಕೈ ಮೇಲು. ಅವನು ಅವಳನ್ನು ನೋಡುವ ನೋಟದಲ್ಲಿ ತಂದೆ ಎಷ್ಟು, ಬೇಟೆಗಾರ ಎಷ್ಟು ಎಂದು ಎಂಟು ಕಂತು ಮುಗಿದರೂ ನನಗೆ ಲೆಕ್ಕ ಸಿಕ್ಕಿಲ್ಲ. ಇದರ ನಿರ್ದೇಶಕ ಕಿಮ್ ಜಿನ್-ಮಿನ್. 2007ರ ‘ಟೈಮ್ ಬಿಟ್ವೀನ್ ಡಾಗ್ ಅಂಡ್ ವುಲ್ಫ್’ ಕೂಡ ಅವರದೇ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಒಬ್ಬರೇ ಅದೇ ಗಾಯಕ್ಕೆ ಮರಳಿದ್ದಾರೆ: ಹೆತ್ತವರನ್ನು ಕೊಂದವರನ್ನು ಹುಡುಕಿ ಹೆಸರನ್ನೇ ಕಳೆದುಕೊಳ್ಳುವ ಮಗು.

ಆ ‘ನಾಯಿ, ತೋಳ’ ಹೆಸರಿನ ಅರ್ಥವೇನು?

ಫ್ರೆಂಚ್ ನುಡಿಗಟ್ಟೊಂದರಿಂದ ಬಂದದ್ದು. ಮುಸ್ಸಂಜೆಯ ಮಬ್ಬಿನಲ್ಲಿ ದೂರದಿಂದ ಬರುತ್ತಿರುವುದು ನಮ್ಮ ಮನೆಯ ನಾಯಿಯೋ ನಮ್ಮನ್ನು ತಿನ್ನುವ ತೋಳವೋ ತಿಳಿಯದ ಹೊತ್ತು ಎಂದರ್ಥ. ಲೀ ಜೂನ್-ಗಿ ಪಾತ್ರ ಗುಪ್ತಚರ ಸಂಸ್ಥೆಯ ಪರವಾಗಿ ಗ್ಯಾಂಗಿನೊಳಗೆ ಹೋಗಿ, ನಡುವೆ ನೆನಪು ಕಳೆದುಕೊಂಡು, ತಾನು ನಿಜಕ್ಕೂ ಗ್ಯಾಂಗಿನವನೇ ಎಂದು ನಂಬಿಬಿಡುತ್ತಾನೆ. ನೆನಪು ಹೋಗುವುದು ಸವಕಲು ತಂತ್ರವೇ. ಆದರೂ ಇಲ್ಲಿ ಅದಕ್ಕೆ ಬೆಲೆ ಇದೆ, ಮುಖವಾಡ ಮುಖಕ್ಕೆ ಅಂಟಿಕೊಳ್ಳುವುದನ್ನು ಅಕ್ಷರಶಃ ತೋರಿಸುತ್ತದೆ.

‘ದಿ ವರ್ಸ್ಟ್ ಆಫ್ ಈವಿಲ್’ ನೋಡುವಾಗ ಹೊಟ್ಟೆ ತೊಳಸಿದಂತಾಗುತ್ತದೆ. ನನಗೆ ಮಾತ್ರವೇ?

ಎಲ್ಲರಿಗೂ. ಅದರ ಕಾರಣ ರಕ್ತವಲ್ಲ, ದಾಂಪತ್ಯ. 1990ರ ದಶಕ, ರಾಜಧಾನಿ ಸೋಲ್‌ನ ಗಂಗ್ನಮ್ ಪ್ರದೇಶ. ಸಣ್ಣ ಠಾಣೆಯ ಪೊಲೀಸ್ ಪಾರ್ಕ್ ಜುನ್-ಮೋ, ಅಂದರೆ ಜಿ ಚಾಂಗ್-ವೂಕ್, ಬಡ್ತಿಯ ಆಸೆಗೆ ಮಾದಕ ದ್ರವ್ಯದ ಗ್ಯಾಂಗಿನೊಳಗೆ ಹೋಗುತ್ತಾನೆ. ಹೆಂಡತಿ ಯೂಇ-ಜಂಗ್ ಕೂಡ ಪೊಲೀಸ್, ಹುದ್ದೆಯಲ್ಲಿ ಅವನಿಗಿಂತ ಮೇಲು, ತವರಿನವರ ಕಣ್ಣಲ್ಲಿ ಅವನು ಕಡಿಮೆ. ಗ್ಯಾಂಗಿನ ನಾಯಕ ಜಂಗ್ ಗಿ-ಚೊಲ್ ಹದಿಹರೆಯದಲ್ಲಿ ಮನಸ್ಸು ಕೊಟ್ಟಿದ್ದು ಅವಳಿಗೇ. ತನಿಖೆಗಾಗಿ ಅವಳೂ ಆ ಲೋಕದೊಳಗೆ ಬರುತ್ತಾಳೆ. ಅಲ್ಲಿಂದ ಮುಂದೆ ಗಂಡನಾದವನು ಹೆಂಡತಿಯನ್ನು ಅಪರಿಚಿತಳಂತೆ ನೋಡಬೇಕು. ಎದುರಿಗೆ ಕುಳಿತ ಇನ್ನೊಬ್ಬ ಅವಳ ಮುಂದೆ ಕರಗುವುದನ್ನೂ ನೋಡಬೇಕು. ಗಿ-ಚೊಲ್ ಪಾತ್ರದ ವಿ ಹಾ-ಜೂನ್ ಆ ಕರಗುವಿಕೆಯನ್ನು ಎಷ್ಟು ಶುದ್ಧವಾಗಿ ತೋರಿಸುತ್ತಾರೆ ಎಂದರೆ, ಮೋಸಗಾರ ಯಾರು ಎಂಬ ಪ್ರಶ್ನೆಗೆ ನಮ್ಮ ಬೆರಳು ಪೊಲೀಸ್ ದಂಪತಿಯ ಕಡೆಗೇ ತಿರುಗುತ್ತದೆ.

ಕಥೆಯನ್ನು ಆ ಕಾಲದಲ್ಲಿ ಇಟ್ಟದ್ದಕ್ಕೂ ಕಾರಣವಿದೆ. 1988ರ ಒಲಿಂಪಿಕ್ಸ್ ನಂತರ ಸೋಲ್‌ನಲ್ಲಿ ಹಣ ಹರಿದಾಡುತ್ತಿತ್ತು, ಗಂಗ್ನಮ್ ರಾತ್ರಿ ಕ್ಲಬ್ಬುಗಳಿಂದ ಹೊಳೆಯುತ್ತಿತ್ತು. 1990ರ ಅಕ್ಟೋಬರ್ 13ರಂದು ಅಧ್ಯಕ್ಷ ರೋ ತೇ-ವೂ ‘ಅಪರಾಧದ ವಿರುದ್ಧ ಯುದ್ಧ’ ಸಾರಿದ ಮೇಲೆ ಹಳೆಯ ಗ್ಯಾಂಗುಗಳ ಬೆನ್ನೆಲುಬು ಮುರಿಯಿತು. ಆ ಖಾಲಿ ಜಾಗಕ್ಕೆ ನುಗ್ಗುವ ಹೊಸ ಹುಡುಗರು ಗಿ-ಚೊಲ್‌ನಂಥವರು. ಕಥೆಗೆ ಇನ್ನೊಂದು ಅನುಕೂಲ ಪೇಜರ್, ಕರೆದವರ ನಂಬರನ್ನಷ್ಟೇ ತೋರಿಸುವ ಪುಟ್ಟ ಸಾಧನ. ಮೊಬೈಲ್ ಇಲ್ಲದ ಕಾಲದಲ್ಲಿ ಒಳಗಿರುವ ಪೊಲೀಸ್ ಹೊರಗೆ ಸುದ್ದಿ ಮುಟ್ಟಿಸಲು ಸಾರ್ವಜನಿಕ ಫೋನ್ ಹುಡುಕಬೇಕು. ಬೀದಿಯ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ನಿಂತು, ಹೊರಗೆ ಕಾಯುವವರಿಗೆ ಕೇಳಿಸದಂತೆ ಮಾತಾಡಿದ ನಮ್ಮ ಪೀಳಿಗೆಗೆ ಆ ಆತಂಕ ಚೆನ್ನಾಗಿ ಅರ್ಥವಾಗುತ್ತದೆ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದರೆ ಸಾಕೇ?

ಕಥೆ ತಿಳಿಯಲು ಸಾಕು. ಆದರೆ ಮುಖ್ಯವಾದದ್ದೊಂದು ಸೋರಿಹೋಗುತ್ತದೆ, ಅದನ್ನು ಹಿಡಿಯಲು ಕನ್ನಡ ಕಿವಿಗೆ ಇಂಗ್ಲಿಷ್ ಕಿವಿಗಿಂತ ಹೆಚ್ಚು ಅನುಕೂಲವಿದೆ.

ಕೊರಿಯನ್ ಭಾಷೆಯಲ್ಲಿ ನಮ್ಮ ‘ನೀನು’, ‘ನೀವು’ಗಳಂತೆ ಸಲುಗೆಯ ಮಾತು ಬೇರೆ, ಗೌರವದ ಮಾತು ಬೇರೆ. ಸಲುಗೆಯದು ‘ಬನ್‌ಮಲ್’, ಗೌರವದ್ದು ‘ಜೊಂದೆನ್‌ಮಲ್’. ಗೌರವ ಅಲ್ಲಿ ಕ್ರಿಯಾಪದದ ತುದಿಯಲ್ಲೇ ಕೂತಿರುತ್ತದೆ, ನಾವು ‘ಬಾ’ ಎನ್ನುವುದಕ್ಕೂ ‘ಬನ್ನಿ’ ಎನ್ನುವುದಕ್ಕೂ ಇರುವ ಹಾಗೆ. ಇಂಗ್ಲಿಷಿನಲ್ಲಿ ಎರಡೂ ಒಂದೇ. ಗ್ಯಾಂಗಿನವರು ನಾಯಕನನ್ನು ‘ಹ್ಯೊಂಗ್‌ನಿಮ್’ ಎನ್ನುತ್ತಾರೆ. ‘ಹ್ಯೊಂಗ್’ ಎಂದರೆ ಗಂಡಸು ತನ್ನ ಅಣ್ಣನನ್ನು ಕರೆಯುವ ಪದ, ‘ನಿಮ್’ ಗೌರವಕ್ಕೆ ಸೇರಿಸುವ ತುದಿ. ಸಬ್‌ಟೈಟಲ್‌ನಲ್ಲಿ ಅದು ‘ಬಾಸ್’ ಆಗಿಬಿಡುತ್ತದೆ. ಬೆಂಗಳೂರಿನ ರೌಡಿಯ ಹಿಂದೆ ಓಡಾಡುವ ಹುಡುಗರು ಅವನನ್ನು ಏನೆಂದು ಕರೆಯುತ್ತಾರೆ ಎಂದು ನೆನಪಿಸಿಕೊಳ್ಳಿ. ‘ಅಣ್ಣ’. ಆ ಪದದಲ್ಲಿ ಭಯವೂ ಇದೆ, ಅನ್ನ ಹಾಕಿದ ಋಣವೂ ಇದೆ. ಮಾರುವೇಷದ ಪೊಲೀಸ್ ಮೊದಲ ದಿನ ‘ಹ್ಯೊಂಗ್‌ನಿಮ್’ ಎನ್ನುವಾಗ ಅದು ನಟನೆ. ದಿನಕ್ಕೆ ನೂರು ಸಲ, ವರ್ಷಗಟ್ಟಲೆ ಹೇಳಿದ ಮೇಲೆ ಅದು ಎಲ್ಲಿ ನಟನೆಯಾಗಿ ಉಳಿಯುತ್ತದೆ? ಸಬ್‌ಟೈಟಲ್ ಓದುತ್ತಲೇ ಕಿವಿಯನ್ನು ಅತ್ತ ಇಡಿ. ಯಾರು ಯಾರಿಗೆ ಯಾವಾಗ ಸಲುಗೆಯ ಮಾತಿಗೆ ಇಳಿದರು, ಯಾವಾಗ ಮತ್ತೆ ಗೌರವಕ್ಕೆ ಏರಿ ದೂರವಾದರು ಎಂದು ಗಮನಿಸಿದರೆ ಅರ್ಧ ಕಥೆ ಅಲ್ಲೇ ನಡೆಯುತ್ತಿರುತ್ತದೆ.

ಜೊತೆಗೆ ‘ಉಯಿರಿ’ ಎಂಬ ಪದ ಆಗಾಗ ಕೇಳಿಸುತ್ತದೆ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂಬ ನಮ್ಮ ಮಾತು ಅದಕ್ಕೆ ಹತ್ತಿರ.

ಎಲ್ಲರೂ ಚಾಕು, ದೊಣ್ಣೆಗಳಲ್ಲೇ ಏಕೆ ಹೊಡೆದಾಡುತ್ತಾರೆ? ಬಂದೂಕು ಎಲ್ಲಿ?

ದಕ್ಷಿಣ ಕೊರಿಯಾದಲ್ಲಿ ಖಾಸಗಿಯವರ ಬಂದೂಕಿನ ಮೇಲೆ ಬಹಳ ಬಿಗಿಯಾದ ನಿಯಂತ್ರಣವಿದೆ, ಬೇಟೆಯ ಬಂದೂಕನ್ನೂ ಪೊಲೀಸ್ ಠಾಣೆಯಲ್ಲೇ ಇಡಬೇಕು. ಹಾಗಾಗಿ ಪರದೆಯ ಮೇಲೆ ಬಂದೂಕು ಕಾಣಿಸಿದರೆ ಅದೇ ಒಂದು ಘಟನೆ. ಇದರಿಂದ ಹೊಡೆದಾಟಕ್ಕೆ ಬೇರೆಯೇ ರೂಪ ಬಂದಿದೆ. ಕೊಲ್ಲಬೇಕಾದರೆ ಉಸಿರು ತಾಗುವಷ್ಟು ಹತ್ತಿರ ಹೋಗಬೇಕು. ‘ನ್ಯೂ ವರ್ಲ್ಡ್’ನಲ್ಲಿ ಲಿಫ್ಟಿನ ಪೆಟ್ಟಿಗೆಯೊಳಗೆ ನಡೆಯುವ ಚಾಕು ಕಾಳಗ ಇದರ ತುತ್ತತುದಿ. ಕೈ ಬೀಸಲೂ ಜಾಗವಿಲ್ಲದ ಕಡೆ ಅಷ್ಟು ಜನ.

ಕೊರಿಯಾದ ಪೊಲೀಸರು ನಿಜವಾಗಿಯೂ ವರ್ಷಗಟ್ಟಲೆ ಹೀಗೆ ಒಳಗಿರುತ್ತಾರೆಯೇ?

ಪರದೆಯ ಮೇಲಿನಷ್ಟು ಸಲೀಸಾಗಿ ಇಲ್ಲ. ಕೊರಿಯಾದಲ್ಲಿ ವೇಷ ಮರೆಸಿ ತನಿಖೆ ನಡೆಸಲು ಸ್ಪಷ್ಟವಾದ ಕಾನೂನು ಬಹುಕಾಲ ಇರಲೇ ಇಲ್ಲ. ಮಾದಕ ದ್ರವ್ಯದ ಪ್ರಕರಣಗಳಲ್ಲಿ ಗಿರಾಕಿಯಂತೆ ಹೋಗಿ ಹಿಡಿಯುವುದು ನ್ಯಾಯಾಲಯದ ತೀರ್ಪುಗಳು ಹಾಕಿದ ಗೆರೆಯೊಳಗೆ ನಡೆಯುತ್ತಿತ್ತು. ಅಪರಾಧ ಮಾಡುವ ಮನಸ್ಸು ಮೊದಲೇ ಇದ್ದವನಿಗೆ ಅವಕಾಶ ಒದಗಿಸಿ ಹಿಡಿದರೆ ಸರಿ, ಇಲ್ಲದ ಮನಸ್ಸನ್ನು ಪೊಲೀಸರೇ ಹುಟ್ಟಿಸಿದರೆ ತಪ್ಪು. ಇದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮಾಡಿದ ವಿಂಗಡಣೆ.

2020ರಲ್ಲಿ ‘ಎನ್‌ತ್ ರೂಮ್’ ಎಂಬ ಹೆಸರಿನಲ್ಲಿ ಬಯಲಾದ ಆನ್‌ಲೈನ್ ಲೈಂಗಿಕ ಶೋಷಣೆಯ ಪ್ರಕರಣ ಇಡೀ ದೇಶವನ್ನು ನಡುಗಿಸಿತು. ಅದರ ನಂತರ ಮಕ್ಕಳ ಮೇಲಿನ ಡಿಜಿಟಲ್ ಲೈಂಗಿಕ ಅಪರಾಧಗಳಲ್ಲಿ ಪೊಲೀಸರು ವೇಷ ಮರೆಸಿ ತನಿಖೆ ಮಾಡಲು ಕಾನೂನು ಅವಕಾಶ ಕೊಟ್ಟಿತು, 2021ರ ಸೆಪ್ಟೆಂಬರ್ 24ರಿಂದ ಜಾರಿಗೆ ಬಂತು. 2025ರಲ್ಲಿ ಅದನ್ನು ವಯಸ್ಕರು ಬಲಿಯಾದ ಪ್ರಕರಣಗಳಿಗೂ ವಿಸ್ತರಿಸಿದರು. ಸುಳ್ಳು ಗುರುತನ್ನು ಸೃಷ್ಟಿಸಿ ಒಳಹೋಗಲು ನ್ಯಾಯಾಲಯದ ಅನುಮತಿ ಬೇಕು. ಹೀಗಾಗಿ ಇಂದಿನ ನಿಜವಾದ ಮಾರುವೇಷಿ ಬಹುಪಾಲು ಒಂದು ಚಾಟ್ ಕೋಣೆಯಲ್ಲಿ ಸುಳ್ಳು ಹೆಸರಿನಲ್ಲಿ ಕುಳಿತ ಅಧಿಕಾರಿ. ಅವರ ಕೆಲಸದ ಭಾರ ಜಾ-ಸಂಗ್‌ನದಕ್ಕಿಂತ ಕಡಿಮೆ ಎಂದು ನಾನು ಹೇಳಲಾರೆ.

ನಿಜ ಘಟನೆ ಆಧರಿಸಿದ್ದು ಯಾವುದಾದರೂ ಇದೆಯೇ?

2022ರ ‘ನಾರ್ಕೋ-ಸೇಂಟ್ಸ್’. ಆರು ಕಂತು, ನೆಟ್‌ಫ್ಲಿಕ್ಸ್. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ಕೊಕೇನ್ ಸಾಗಿಸುತ್ತಿದ್ದ ಕೊರಿಯನ್ ವ್ಯಕ್ತಿಯನ್ನು ಹಿಡಿಯಲು ಗುಪ್ತಚರ ಸಂಸ್ಥೆಗೆ ನೆರವಾದ ಸಾಮಾನ್ಯ ನಾಗರಿಕನ ಘಟನೆ ಅದಕ್ಕೆ ಮೂಲ. ಕಥೆಯಲ್ಲಿ ಹಾ ಜಂಗ್-ವೂ ಮೀನು ರಫ್ತು ಮಾಡಲು ಹೋದ ವ್ಯಾಪಾರಿ, ಹ್ವಾಂಗ್ ಜಂಗ್-ಮಿನ್ ಪಾದ್ರಿಯ ಸೋಗಿನ ದೊರೆ. ತನ್ನ ದೇಶವನ್ನು ಕೆಟ್ಟದಾಗಿ ಬಿಂಬಿಸಿದ್ದಾರೆ ಎಂದು ಸುರಿನಾಮ್ ಸರ್ಕಾರ ಬಹಿರಂಗವಾಗಿ ಆಕ್ಷೇಪ ಎತ್ತಿತ್ತು, ಆ ನೋವು ನ್ಯಾಯವಾದದ್ದೇ.

ಮನೆಮಂದಿಯೆಲ್ಲ ಕುಳಿತು ನೋಡಬಹುದೇ?

ಬೇಡ. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ವಯಸ್ಕರಿಗೆ ಮಾತ್ರ. ‘ಮೈ ನೇಮ್’ನಲ್ಲಿ ಲೈಂಗಿಕ ದೌರ್ಜನ್ಯದ ಪ್ರಯತ್ನದ ದೃಶ್ಯವಿದೆ, ಮೊದಲೇ ತಿಳಿದಿರಲಿ. ಎಲ್ಲರೂ ನಗುತ್ತ ನೋಡಬೇಕೆಂದರೆ 2019ರ ‘ಎಕ್ಸ್‌ಟ್ರೀಮ್ ಜಾಬ್’ ಚಿತ್ರ ಇದೆ. ಕಾವಲು ಕೂರಲೆಂದು ಕರಿದ ಕೋಳಿಯ ಅಂಗಡಿ ಕೊಂಡ ಪೊಲೀಸರ ವ್ಯಾಪಾರ ಕುದುರಿಬಿಡುತ್ತದೆ. ಕೊರಿಯಾದಲ್ಲೇ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿದ ಚಿತ್ರ. ಅದರಲ್ಲೂ ಹೊಡೆದಾಟ ಇದೆ, ತೀರ ಎಳೆಯ ಮಕ್ಕಳಿಗೆ ಬೇಡ.

ಇವು ಗೂಂಡಾಗಳನ್ನು ವೈಭವೀಕರಿಸುವುದಿಲ್ಲವೇ?

ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಒಳ್ಳೆಯ ಕೋಟು, ಮಳೆಯಲ್ಲಿ ನಿಧಾನಗತಿಯ ನಡಿಗೆ, ನೀಲಿ ಬೆಳಕು, ಇವೆಲ್ಲ ಕೊಲೆಗೂ ಸೊಬಗು ತೊಡಿಸುತ್ತವೆ. ಗ್ಯಾಂಗಿನಿಂದ ಬದುಕು ಹಾಳಾದ ಅಂಗಡಿಯವನ, ವ್ಯಸನಕ್ಕೆ ಬಿದ್ದವನ ಮನೆಯವರ ಮುಖ ಇಲ್ಲಿ ಕಾಣುವುದು ಅಪರೂಪ. ಹೆಣ್ಣು ಪಾತ್ರಗಳನ್ನು ಗಂಡಸಿನ ದುಃಖ ಹೆಚ್ಚಿಸಲೆಂದೇ ಕೊಲ್ಲುವ ಚಾಳಿಯೂ ಇದೆ. ‘ನ್ಯೂ ವರ್ಲ್ಡ್’ನ ಆ ಬಾದುಕ್ ಶಿಕ್ಷಕಿಗೆ ಆದದ್ದು ನನಗೆ ಇಂದಿಗೂ ಜೀರ್ಣವಾಗಿಲ್ಲ. ‘ಮೈ ನೇಮ್’ ಬಂದಾಗ ಅಷ್ಟು ಸಂತೋಷವಾದದ್ದು ಅದಕ್ಕೇ, ಒಬ್ಬ ಹುಡುಗಿಯ ದುಃಖ ಅಲ್ಲಿ ಅವಳದೇ ಆಗಿ ಉಳಿಯುತ್ತದೆ.

ಕೊನೆಗಳು ಏಕೆ ಇಷ್ಟು ಕಹಿ? ಒಬ್ಬನಾದರೂ ನೆಮ್ಮದಿಯಾಗಿ ಮನೆಗೆ ಹೋಗಬಾರದೇ?

ಹೋಗಲು ಮನೆ ಉಳಿದಿರುವುದಿಲ್ಲ. ‘ನ್ಯೂ ವರ್ಲ್ಡ್’ನ ಕೊನೆಯಲ್ಲಿ ಜಾ-ಸಂಗ್ ತನ್ನನ್ನು ಕಳುಹಿಸಿದವರನ್ನೇ ಅಳಿಸಿಹಾಕಿ ಗ್ಯಾಂಗಿನ ಪೀಠದಲ್ಲಿ ಕೂರುತ್ತಾನೆ. ಜಂಗ್ ಚಂಗ್ ಬಿಟ್ಟುಹೋದ ವಸ್ತುಗಳ ನಡುವೆ ಅವನಿಗೆ ಎರಡು ಸಿಗುತ್ತವೆ: ತಾನು ಪೊಲೀಸ್ ಎಂದು ಬರೆದ ಕಡತ, ಇನ್ನೊಂದು ಕೈಗಡಿಯಾರ. ಅದೂ ನಕಲಿಯೇ. ಎತ್ತರದ ಕಚೇರಿಯಲ್ಲಿ ಅವನು ಒಬ್ಬನೇ ಉಳಿಯುತ್ತಾನೆ.

ಅಲ್ಲಿಗೆ ಮುಗಿಸಬಹುದಿತ್ತು. ನಿರ್ದೇಶಕರು ಮುಗಿಸುವುದಿಲ್ಲ. ಪರದೆಯ ಮೇಲೆ ಯೊಸು ಊರು, ಆರು ವರ್ಷ ಹಿಂದಿನ ದಿನ. ಇಬ್ಬರೂ ಇನ್ನೂ ಪುಡಿ ರೌಡಿಗಳು. ತಮಗಿಂತ ಎಷ್ಟೋ ಹೆಚ್ಚು ಜನರಿರುವ ಕಡೆಗೆ ಇಬ್ಬರೇ ನುಗ್ಗುತ್ತಾರೆ, ಹೊಡೆದಾಟ ಮುಗಿಸಿ ಹೊರಗೆ ಬರುತ್ತಾರೆ. ಜಾ-ಸಂಗ್ ಆಗಲೇ ಇಲಾಖೆಯ ಮನುಷ್ಯ, ಆಗಲೇ ಸುಳ್ಳು. ಆದರೂ ಅಣ್ಣನ ಪಕ್ಕದಲ್ಲಿ ನಿಂತು ನಗುತ್ತಾನೆ. ಇಡೀ ಚಿತ್ರದಲ್ಲಿ ಅವನು ಹಾಗೆ ನಕ್ಕದ್ದು ಅದೊಂದೇ ಕಡೆ.